ಶುಕ್ರವಾರ ಮುಚ್ಚಿರುವ ಬಾಗಿಲಿಗೆ ನಮ್ಮನ್ನು ಕರೆದೊಯ್ದವರ ಬಗ್ಗೆ

ವಿಯೆಟ್ನಾಂನ ರಾಜಧಾನಿ ಹನೋಯ್ ನಗರದ ಬಾ ದಿನ್ ಚೌಕದಲ್ಲಿರುವ, ಆ ದೇಶದ ಸ್ವಾತಂತ್ರ್ಯ ಹೋರಾಟದ ನಾಯಕ ಹೋ ಚಿ ಮಿನ್ ಅವರ ಸಮಾಧಿ ಭವನವು ಸೋಮವಾರ ಮತ್ತು ಶುಕ್ರವಾರ ಮುಚ್ಚಿರುತ್ತದೆ. ಉಳಿದ ದಿನಗಳಲ್ಲಿಯೂ ಅದು ತೆರೆದಿರುವುದು ಬೆಳಗಿನ ಹೊತ್ತು ಮಾತ್ರ. ಬೇಸಿಗೆಯಲ್ಲಿ 7.30ರಿಂದ 10.30ರವರೆಗೆ, ಚಳಿಗಾಲದಲ್ಲಿ 8ರಿಂದ 11ರವರೆಗೆ, ಶನಿವಾರ ಮತ್ತು ಭಾನುವಾರ ಇನ್ನರ್ಧ ಗಂಟೆ ಹೆಚ್ಚು. ಇದಲ್ಲದೆ ಪಾರ್ಥಿವ ಶರೀರದ ಸಂರಕ್ಷಣೆಯ ಕೆಲಸಕ್ಕಾಗಿ ಪ್ರತಿವರ್ಷ ಹಲವು ವಾರ ಬಾಗಿಲು ಹಾಕುತ್ತಾರೆ ಮತ್ತು ಆ ದಿನಾಂಕಗಳನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ಇದರಲ್ಲಿ ಗುಟ್ಟಿನ ಸಂಗತಿ ಯಾವುದೂ ಇಲ್ಲ. ಫೋನು ಕೈಯಲ್ಲಿರುವ ಯಾರು ಬೇಕಾದರೂ ಎರಡು ನಿಮಿಷದಲ್ಲಿ ತಿಳಿದುಕೊಳ್ಳಬಹುದು. ಹೀಗಿದ್ದೂ ಬೆಂಗಳೂರಿನಿಂದ ವಿಯೆಟ್ನಾಂಗೆ ತಂಡಗಳನ್ನು ಒಯ್ಯುವುದನ್ನೇ ವ್ಯಾಪಾರ ಮಾಡಿಕೊಂಡಿರುವ ಪ್ರವಾಸ ಸಂಸ್ಥೆಯೊಂದು ನಮ್ಮನ್ನು ಆ ಬಾಗಿಲಿಗೆ ಕರೆದೊಯ್ದದ್ದು ಶುಕ್ರವಾರ. ಮನೆಗೆ ಬಂದ ಮೇಲೂ ನನ್ನ ಸಿಟ್ಟು ಇಳಿದಿಲ್ಲ, ಇಳಿಯಬೇಕೆಂದು ನನಗೆ ಅನಿಸುತ್ತಲೂ ಇಲ್ಲ.

ಈ ಪ್ರವಾಸಕ್ಕೆ ಕಾರಣ ನನ್ನ ಸೋದರಮಾವ. ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು ಅವರು. 1969ರ ಸೆಪ್ಟೆಂಬರಿನಲ್ಲಿ ಹೋ ಚಿ ಮಿನ್ ತೀರಿಕೊಂಡ ಸುದ್ದಿ ಬಂದಾಗ ಕಾಲೇಜಿನಲ್ಲಿದ್ದರು. ಫ್ರೆಂಚರನ್ನು ದಿಯೆನ್ ಬಿಯೆನ್ ಫೂನಲ್ಲಿ ಸೋಲಿಸಿ, ಆ ಬಳಿಕ ಅಮೆರಿಕದ ಬಾಂಬುಗಳನ್ನು ಎದುರಿಸಿ ನಿಂತ ಆ ಪುಟ್ಟ ದೇಶದ ಹೆಸರು ಅವರ ವಯಸ್ಸಿನ ಎಷ್ಟೋ ಜನರಿಗೆ ಬರಿಯ ಭೂಪಟದ ಹೆಸರಾಗಿರಲಿಲ್ಲ. ಮುಂಗಡ ಕಟ್ಟುವಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ: ಸಮಾಧಿಯ ಒಳಗೆ ಹೋಗುವುದಿದೆಯೇ? ಊಟ ಹೇಗಿರುತ್ತದೆ, ಹೋಟೆಲು ಎಷ್ಟು ತಾರೆಯದ್ದು ಎಂಬುದನ್ನು ಅವರು ಕೇಳಲಿಲ್ಲ. ಮೇಜಿನ ಆಚೆ ಕುಳಿತಿದ್ದವರು ಕಾರ್ಯಕ್ರಮ ಪಟ್ಟಿಯನ್ನು ನೋಡದೆಯೇ, "ಖಂಡಿತ ಇದೆ ಸರ್, ಎರಡನೆಯ ದಿನವೇ ಇದೆ" ಎಂದರು. ಆ ಎರಡನೆಯ ದಿನ ಯಾವ ವಾರ ಎಂಬುದು ಅವರ ಮುಂದಿದ್ದ ಹಾಳೆಯಲ್ಲೇ ಅಚ್ಚಾಗಿತ್ತು.

ಆ ದಿನ ಬಸ್ಸು ಚೌಕದ ಬಳಿ ನಿಂತಾಗ ಬಿಸಿಲೇರಿತ್ತು. ತಂಡದಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅರವತ್ತು ದಾಟಿದವರು. ಸ್ಥಳೀಯ ಗೈಡ್ ಇಳಿದವನೇ, ಇವತ್ತು ಒಳಗೆ ಪ್ರವೇಶವಿಲ್ಲ, ಹದಿನೈದು ನಿಮಿಷದಲ್ಲಿ ಫೋಟೋ ತೆಗೆದುಕೊಂಡು ಬನ್ನಿ ಎಂದು ಹೇಳಿದ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಶುಕ್ರವಾರದ ತಂಡಗಳಿಗೆಲ್ಲ ಅವನು ಇದನ್ನೇ ಹೇಳುತ್ತಿರಬೇಕು. ಅಂದರೆ ತಪ್ಪು ನಡೆದದ್ದು ಹನೋಯ್‌ನಲ್ಲಲ್ಲ, ಬೆಂಗಳೂರಿನ ಕಚೇರಿಯಲ್ಲಿ. ವಿಮಾನದ ಟಿಕೆಟ್ಟು ಅಗ್ಗಕ್ಕೆ ಸಿಗುವ ದಿನವನ್ನು ನೋಡಿ ಕಾರ್ಯಕ್ರಮವನ್ನು ಜೋಡಿಸುವಾಗ, ಪಟ್ಟಿಯಲ್ಲಿರುವ ಸ್ಥಳ ಆ ದಿನ ತೆರೆದಿರುತ್ತದೆಯೇ ಎಂದು ನೋಡುವಷ್ಟು ಕಾಳಜಿಯೂ ಅಲ್ಲಿ ಯಾರಿಗೂ ಇರಲಿಲ್ಲ.

ನಮ್ಮ ಜೊತೆಗೆ ಬಂದಿದ್ದ ಟೂರ್ ಮ್ಯಾನೇಜರ್ ಬಳಿ ಹೋಗಿ ನಾನು ಕೇಳಿದೆ. ಕೊನೆಯ ಪುಟದ ಷರತ್ತುಗಳಲ್ಲಿ 'ಹೊರಗಿನಿಂದ ವೀಕ್ಷಣೆ' ಎಂದು ಇದೆ, ನೀವು ಸಹಿ ಹಾಕಿದ್ದೀರಿ ಎಂದರು. ಮಾತು ಅಲ್ಲಿಗೇ ಮುಗಿದಿದ್ದರೆ ಇದೂ ಒಂದು ಮಾಮೂಲಿ ಮೋಸ ಎಂದು ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಅವರು ಮಾವನ ಎದುರಿನಲ್ಲೇ, "ಒಳಗೆ ಏನಿದೆ ಸರ್, ಒಂದು ಹೆಣ ತಾನೇ? ನಾಳೆ ಹಾ ಲಾಂಗ್ ನೋಡಿ, ಎಲ್ಲ ಮರೆತುಹೋಗುತ್ತೆ" ಎಂದರು. ಎಪ್ಪತ್ತು ದಾಟಿದ ಮನುಷ್ಯರೊಬ್ಬರು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಮನಸ್ಸಿನಲ್ಲಿಟ್ಟುಕೊಂಡು ಬಂದ ಗೌರವಕ್ಕೆ, ಅವರಿಂದ ಲಕ್ಷಕ್ಕೂ ಹೆಚ್ಚು ರೂಪಾಯಿ ಪಡೆದವರು ಕೊಟ್ಟ ಉತ್ತರ ಇದು. ಮಾವ ಏನೂ ಹೇಳಲಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರು.

ಶನಿವಾರ ತಂಡ ಹಾ ಲಾಂಗ್ ಕೊಲ್ಲಿಗೆ ಹೊರಟಿತು; ನಾವಿಬ್ಬರೂ ಹೋಗಲಿಲ್ಲ. ಹಾಗೆ ಉಳಿಯಲು ನಮ್ಮ ಹೊಣೆ ನಮ್ಮದೇ ಎಂದು ಪತ್ರ ಬರೆದುಕೊಡಬೇಕಾಯಿತು. ದೋಣಿಯ ಹಣ, ಊಟದ ಹಣ ಯಾವುದೂ ಹಿಂದಿರುಗುವುದಿಲ್ಲ ಎಂದರು, ಹಿಂದಿರುಗಲೂ ಇಲ್ಲ. ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೋಗಿ ಸಾಲಿನಲ್ಲಿ ನಿಂತೆವು. ಸಾಲು ಉದ್ದವಿತ್ತು, ಆದರೆ ನಿಲ್ಲದೆ ಸಾಗುತ್ತಿತ್ತು. ನಮ್ಮ ಮುಂದೆ ಯಾವುದೋ ಪ್ರಾಂತ್ಯದಿಂದ ಬಂದ ಹಳ್ಳಿಯವರಿದ್ದರು, ಹಿಂದೆ ಸಮವಸ್ತ್ರದ ಶಾಲಾ ಮಕ್ಕಳಿದ್ದರು, ಹಳೆಯ ಸೇನಾ ಅಂಗಿಯ ಮೇಲೆ ಪದಕಗಳನ್ನು ಧರಿಸಿದ ಮುದುಕರೂ ಇದ್ದರು. ಮೊಣಕಾಲು, ಭುಜ ಕಾಣುವ ಉಡುಪು ಕೂಡದು. ಟೋಪಿ ತೆಗೆಯಬೇಕು, ಜೇಬಿನಲ್ಲಿ ಕೈ ಇಡಬಾರದು, ಮಾತನಾಡಬಾರದು, ಚಿತ್ರ ತೆಗೆಯಬಾರದು, ಇಬ್ಬಿಬ್ಬರಾಗಿ ನಡೆಯುತ್ತಲೇ ಇರಬೇಕು. ಈ ನಿಯಮಗಳಲ್ಲಿ ಒಂದನ್ನೂ ನಮ್ಮ ಸಂಸ್ಥೆ ಯಾರಿಗೂ ತಿಳಿಸಿರಲಿಲ್ಲ. ಹಿಂದಿನ ದಿನ ನಮ್ಮ ತಂಡದ ಕೆಲವರು ಚಡ್ಡಿಯಲ್ಲಿ ಬಂದು, ಗೆರೆ ದಾಟಿ ಫೋಟೋಕ್ಕೆ ನಿಂತು, ಕಾವಲುಗಾರನ ಸೀಟಿಯ ಸದ್ದಿಗೆ ಬೆದರಿ ಹಿಂದೆ ಸರಿದದ್ದನ್ನು ನೋಡಿ ನನಗೆ ನಾಚಿಕೆಯಾಗಿತ್ತು. ಆದರೆ ನಾನು ಅವರನ್ನು ದೂರುವುದಿಲ್ಲ. ಇದು ಎಂಥ ಸ್ಥಳ ಎಂದು ಬಸ್ಸಿನಲ್ಲಿ ಐದು ನಿಮಿಷ ಯಾರಾದರೂ ಹೇಳಿದ್ದರೆ ಅವರಲ್ಲಿ ಒಬ್ಬರೂ ಹಾಗೆ ನಡೆದುಕೊಳ್ಳುತ್ತಿರಲಿಲ್ಲ. ನಮ್ಮ ಊರಿನ ದೇವಸ್ಥಾನಗಳಲ್ಲಿ ಹೇಗಿರಬೇಕೆಂದು ತಿಳಿದಿರುವ ಜನ ಅವರು.

ಒಳಗೆ ತಂಪು, ಮಬ್ಬು ಬೆಳಕು. ಗಾಜಿನ ಪೆಟ್ಟಿಗೆಯೊಳಗೆ ಸರಳ ಉಡುಪಿನಲ್ಲಿ ಮಲಗಿಸಿದ ಸಣಕಲು ದೇಹ, ಬಿಳಿಯ ಗಡ್ಡ, ಸುತ್ತ ಅಲುಗಾಡದೆ ನಿಂತ ಕಾವಲು ಸೈನಿಕರು. ಪೆಟ್ಟಿಗೆಯನ್ನು ಸುತ್ತಿಕೊಂಡು ಸಾಲು ಸಾಗುತ್ತದೆ, ನಿಲ್ಲಲು ಬಿಡುವುದಿಲ್ಲ. ಕಾಣಲು ಸಿಗುವ ಹೊತ್ತು ಬಹಳ ಕಡಿಮೆ. ಮಾವ ಕೈ ಮುಗಿದರು, ಯಾರೂ ತಡೆಯಲಿಲ್ಲ.

ಸತ್ತವರ ದೇಹವನ್ನು ಹೀಗೆ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಾದ ವಿಷಯವಲ್ಲ. ಆ ಮನುಷ್ಯನಿಗೂ ಅದು ಒಪ್ಪಿಗೆಯಾಗಿರಲಿಲ್ಲ. 1965ರಲ್ಲಿ ಬರೆಯಲು ತೊಡಗಿ 1968 ಮತ್ತು 1969ರಲ್ಲಿ ತಿದ್ದಿದ ತನ್ನ ಉಯಿಲಿನಲ್ಲಿ ಹೋ ಚಿ ಮಿನ್ ತನ್ನನ್ನು ದಹನ ಮಾಡಬೇಕೆಂದು ಸ್ಪಷ್ಟವಾಗಿ ಬರೆದಿದ್ದರು. ಬೂದಿಯನ್ನು ಮೂರು ಪಾಲು ಮಾಡಿ ದೇಶದ ಉತ್ತರ, ಮಧ್ಯ, ದಕ್ಷಿಣ ಭಾಗಗಳ ಗುಡ್ಡಗಳಲ್ಲಿ ಹೂಳಬೇಕು, ಅಲ್ಲಿ ಶಿಲೆಯ ಫಲಕವಾಗಲಿ ಕಂಚಿನ ಪ್ರತಿಮೆಯಾಗಲಿ ಬೇಡ, ಬಂದವರು ದಣಿವಾರಿಸಿಕೊಳ್ಳಲು ಗಾಳಿಯಾಡುವ ಸರಳವಾದ ಮನೆಯೊಂದಿದ್ದರೆ ಸಾಕು, ನೆನಪಿಗಾಗಿ ಬಂದವರು ಗಿಡ ನೆಡಲಿ ಎಂಬುದು ಅವರ ಕೋರಿಕೆ. ಅದ್ದೂರಿ ಅಂತ್ಯಕ್ರಿಯೆ ಮಾಡಿ ಜನರ ಸಮಯವನ್ನೂ ಹಣವನ್ನೂ ಹಾಳು ಮಾಡಬೇಡಿ ಎಂದೂ ಬರೆದಿದ್ದರು; ಯುದ್ಧ ಗೆದ್ದ ಮೇಲೆ ರೈತರಿಗೆ ಒಂದು ವರ್ಷ ಕೃಷಿ ತೆರಿಗೆ ಮನ್ನಾ ಮಾಡಿ ಎಂದೂ ಸೇರಿಸಿದ್ದರು. 1969ರಲ್ಲಿ ಉಯಿಲನ್ನು ಪ್ರಕಟಿಸುವಾಗ ಪಕ್ಷದ ನಾಯಕರು ದಹನದ ಭಾಗವನ್ನೂ ತೆರಿಗೆಯ ಭಾಗವನ್ನೂ ಕೈಬಿಟ್ಟರು. ಅವು ಜನರಿಗೆ ತಿಳಿದದ್ದು 20 ವರ್ಷಗಳ ನಂತರ, 1989ರಲ್ಲಿ. ಸಾವಿನ ದಿನಾಂಕವೇ ಸೆಪ್ಟೆಂಬರ್ 2 ಎಂಬುದನ್ನೂ, ರಾಷ್ಟ್ರೀಯ ದಿನಕ್ಕೆ ಅಡ್ಡಬಾರದಿರಲೆಂದು ಅದನ್ನು 3 ಎಂದು ಸಾರಲಾಗಿತ್ತೆಂಬುದನ್ನೂ ಒಪ್ಪಿಕೊಂಡದ್ದು ಆಗಲೇ. ಈ ನಡುವೆ ಸೋವಿಯತ್ ತಜ್ಞರ ನೆರವಿನಿಂದ ದೇಹವನ್ನು ಕೆಡದಂತೆ ಮಾಡಿ, ಬಾಂಬ್ ದಾಳಿಯ ಕಾಲದಲ್ಲಿ ಗುಪ್ತ ಸ್ಥಳಗಳಿಗೆ ಸಾಗಿಸಿ, 1973ರಲ್ಲಿ ಕಟ್ಟಲು ತೊಡಗಿ 1975ರಲ್ಲಿ ಮುಗಿಸಿದ ಈ ಬೂದು ಗ್ರಾನೈಟ್ ಕಟ್ಟಡದಲ್ಲಿ ತಂದಿರಿಸಿದರು. 1945ರ ಸೆಪ್ಟೆಂಬರ್ 2ರಂದು ಅವರು ಸ್ವಾತಂತ್ರ್ಯದ ಘೋಷಣೆಯನ್ನು ಓದಿದ ಚೌಕ ಅದೇ. ರಷ್ಯಾದ ಲೆನಿನ್ ಸತ್ತಾಗ ಅವರ ಪತ್ನಿ ಕ್ರುಪ್ಸ್‌ಕಾಯಾ ಸ್ಮಾರಕಗಳು ಬೇಡವೆಂದು ಕೋರಿದ್ದರು. ಚೀನಾದ ಮಾವೋ 1956ರಲ್ಲಿ ದಹನದ ಒಪ್ಪಿಗೆಗೆ ಸ್ವತಃ ಸಹಿ ಹಾಕಿದ್ದರು. ಆ ಮಾತುಗಳೂ ನಡೆಯಲಿಲ್ಲ, ಅವರಿಬ್ಬರ ದೇಹಗಳನ್ನೂ ಹೀಗೆಯೇ ಇಟ್ಟುಕೊಂಡರು.

ನನ್ನ ಸಿಟ್ಟು ಇಮ್ಮಡಿಯಾಗುವುದು ಇಲ್ಲಿಯೇ. ಯಾವ ಕಲ್ಲಿನ ಕಟ್ಟಡ ಬೇಡವೆಂದು ಆ ಮನುಷ್ಯ ಬರೆದಿಟ್ಟರೋ, ಆ ಕಲ್ಲನ್ನು ಮಾತ್ರ ದೂರದಿಂದ ತೋರಿಸಿ, ಉಳಿದುದನ್ನೆಲ್ಲ ಬಿಟ್ಟು, ನಮ್ಮವರು ತಂಡಗಳನ್ನು ಬಸ್ಸು ಹತ್ತಿಸುತ್ತಾರೆ. ಆ ಕಟ್ಟಡದ ಹಿಂದೆಯೇ, ಕೆಲವು ನಿಮಿಷ ನಡೆದರೆ, ಹೋ ಬದುಕಿದ್ದ ಜಾಗವಿದೆ. ಫ್ರೆಂಚ್ ಗವರ್ನರ್ ಜನರಲ್ ವಾಸಿಸುತ್ತಿದ್ದ ಹಳದಿ ಬಣ್ಣದ ಅರಮನೆ ಅಲ್ಲಿದೆ. ದೇಶದ ಅಧ್ಯಕ್ಷರಾಗಿಯೂ ಅವರು ಅದರಲ್ಲಿ ವಾಸಿಸಲು ಒಪ್ಪಲಿಲ್ಲ. 1954ರಿಂದ 1958ರವರೆಗೆ ಅದೇ ಆವರಣದಲ್ಲಿ ಅರಮನೆಯ ವಿದ್ಯುತ್ ಕೆಲಸಗಾರನಿಗಾಗಿ ಕಟ್ಟಿದ್ದ ಸಣ್ಣ ಮನೆಯಲ್ಲಿದ್ದು, ಆಮೇಲೆ ಮರದ ಕಂಬಗಳ ಮೇಲೆ ನಿಂತ ಮನೆಗೆ ಹೋದರು. ಮೇಲೆ ಎರಡು ಪುಟ್ಟ ಕೋಣೆಗಳು, ಕೆಳಗೆ ಗೋಡೆಯೇ ಇಲ್ಲದ ಜಾಗದಲ್ಲಿ ಸಭೆ ನಡೆಸಲು ಒಂದು ಉದ್ದನೆಯ ಮೇಜು, ಎದುರಿಗೆ ಮೀನಿನ ಕೊಳ. ಮಾವ ಆ ಕೊಳದ ಬಳಿ ಬಹಳ ಹೊತ್ತು ನಿಂತರು, ನಾನೂ ನಿಂತೆ. ಒಂದು ದೇಶ ತನ್ನ ನಾಯಕನನ್ನು ಏಕೆ ಅಷ್ಟೊಂದು ಪ್ರೀತಿಸಿತು ಎಂಬುದು ಗಾಜಿನ ಪೆಟ್ಟಿಗೆಯ ಮುಂದೆ ನನಗೆ ಅರ್ಥವಾಗಿರಲಿಲ್ಲ, ಆ ಎರಡು ಕೋಣೆಗಳ ಮುಂದೆ ಅರ್ಥವಾಯಿತು. ನಮ್ಮ ತಂಡದ ಉಳಿದವರು ಇದನ್ನು ನೋಡಲೇ ಇಲ್ಲ, ಇಂಥದೊಂದು ಇದೆಯೆಂದು ಅವರಿಗೆ ಯಾರೂ ಹೇಳಲೂ ಇಲ್ಲ.

ಇನ್ನೊಂದು ಸಂಗತಿ. ಶುಕ್ರವಾರ ಮಧ್ಯಾಹ್ನ ಬಸ್ಸು ಪಶ್ಚಿಮ ಸರೋವರದ ತ್ರಾನ್ ಕ್ವೋಕ್ ಪಗೋಡದ ಬಳಿ ನಿಂತಿತ್ತು. ಅಲ್ಲಿರುವ ಬೋಧಿವೃಕ್ಷವು 1959ರಲ್ಲಿ ನಮ್ಮ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹನೋಯ್‌ಗೆ ಹೋದಾಗ ಭಾರತದಿಂದ ಒಯ್ದು ಕೊಟ್ಟ ಗಿಡ. ಅದರ ಹಿಂದಿನ ವರ್ಷ ಹೋ ಭಾರತಕ್ಕೆ ಬಂದಿದ್ದರು. ಬಸ್ಸಿನಲ್ಲಿದ್ದ ಪ್ರತಿಯೊಬ್ಬರಿಗೂ ಹೆಮ್ಮೆ ತರಬಹುದಾದ ವಿಷಯವಿದು. ಅದನ್ನು ಹೇಳುವ ಬದಲು ಟೂರ್ ಮ್ಯಾನೇಜರ್ ಮೈಕಿನಲ್ಲಿ ಹೇಳಿದ್ದು, ಮುಂದೆ ರೇಷ್ಮೆ ಅಂಗಡಿಗೆ ಹೋಗುತ್ತೇವೆ, ಅಲ್ಲಿ ಒಂದು ಗಂಟೆ ಸಮಯ ಕೊಡುತ್ತೇವೆ ಎಂದು. ಸಮಾಧಿಗೆ ಹದಿನೈದು ನಿಮಿಷ, ಅಂಗಡಿಗೆ ಒಂದು ಗಂಟೆ. ಆ ಅಂಗಡಿಯ ಬಾಗಿಲು ತೆರೆದಿರುವ ದಿನವೂ ವೇಳೆಯೂ ಅವರಿಗೆ ಬಹಳ ಚೆನ್ನಾಗಿ ಗೊತ್ತಿತ್ತು.

ಬೆಂಗಳೂರಿಗೆ ಬಂದ ಮೇಲೆ ಸಂಸ್ಥೆಗೆ ಲಿಖಿತ ದೂರು ಕೊಟ್ಟೆ. ಹಾ ಲಾಂಗ್ ದೋಣಿಯ ಹಣವನ್ನು ನಾನು ಕೇಳಲಿಲ್ಲ. ಕೇಳಿದ್ದು ಎರಡೇ: ಮಾವನಿಗೆ ಆಡಿದ ಮಾತಿಗೆ ಕ್ಷಮೆ ಕೋರಬೇಕು, ಮತ್ತು ಮುಂದಿನ ತಂಡಗಳ ಕಾರ್ಯಕ್ರಮವನ್ನು ಸರಿಪಡಿಸಬೇಕು. ಹನೋಯ್ ಮತ್ತು ಹಾ ಲಾಂಗ್‌ನ ದಿನಗಳನ್ನು ಅದಲುಬದಲು ಮಾಡಿದರೆ ಸಾಕು, ಒಂದು ರೂಪಾಯಿಯ ಹೆಚ್ಚಿನ ಖರ್ಚೂ ಇಲ್ಲ ಎಂಬುದನ್ನು ವಾರದ ದಿನಗಳ ಸಮೇತ ಬರೆದು ತೋರಿಸಿದ್ದೆ. ಬಂದ ಉತ್ತರದಲ್ಲಿ ನಮ್ಮ ಸಹಿಯಿರುವ ಷರತ್ತಿನ ಪುಟದ ಪ್ರತಿ ಮತ್ತು ಮುಂದಿನ ಪ್ರವಾಸಕ್ಕೆ ರಿಯಾಯಿತಿಯ ಕೂಪನ್ ಇತ್ತು. ಕ್ಷಮೆಯ ಮಾತಿರಲಿಲ್ಲ. ಆ ಕೂಪನನ್ನು ನಾನು ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ.

ಮೊನ್ನೆ ಅವರ ಹೊಸ ಜಾಹೀರಾತನ್ನು ನೋಡಿದೆ. ಮೇಲ್ಭಾಗದಲ್ಲಿ ದೊಡ್ಡದಾಗಿ ಅದೇ ಸಮಾಧಿ ಭವನದ ಚಿತ್ರವಿದೆ, ಮತ್ತು ಅದರ ಕೆಳಗಿನ ಪಟ್ಟಿಯಲ್ಲಿ ಎರಡನೆಯ ದಿನ ಮತ್ತೆ ಶುಕ್ರವಾರವೇ. ವಿಯೆಟ್ನಾಂಗೆ ತಂಡದ ಜೊತೆ ಹೊರಟಿರುವವರು, ವಿಶೇಷವಾಗಿ ಮನೆಯ ಹಿರಿಯರನ್ನು ಕಳಿಸುತ್ತಿರುವವರು, ಹಣ ಕಟ್ಟುವ ಮೊದಲೇ ಸಮಾಧಿಗೆ ಹೋಗುವ ದಿನ ಯಾವ ವಾರ, ತಲುಪುವ ಹೊತ್ತು ಎಷ್ಟು, ಒಳಗೆ ಪ್ರವೇಶವಿದೆಯೇ, ಕಂಬದ ಮನೆಯನ್ನು ತೋರಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಮಾಸ್ಕೋದ ಲೆನಿನ್ ಸಮಾಧಿಯೂ ಎಲ್ಲ ದಿನ ತೆರೆದಿರುವುದಿಲ್ಲ, ಅಲ್ಲಿಗೆ ಹೋಗುವವರೂ ಇದನ್ನೇ ಕೇಳಬೇಕು. ಬಾಯಿಮಾತಿನಲ್ಲಿ "ಖಂಡಿತ ಇದೆ ಸರ್" ಎಂದರೆ ಒಪ್ಪಬೇಡಿ.