‘ರನ್’ ಎಂಬ ಪದದ ಬೆನ್ನು ಹತ್ತಿ

ಕೆಲವು ವರ್ಷಗಳ ಹಿಂದೆ ನೀರು ಶುದ್ಧೀಕರಿಸುವ ಯಂತ್ರವೊಂದರ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದಾಗ, ‘ರನ್ ದಿ ಟ್ಯಾಪ್’ ಎಂಬುದನ್ನು ಅವಸರದಲ್ಲಿ ‘ನಲ್ಲಿಯನ್ನು ಎರಡು ನಿಮಿಷ ಓಡಿಸಿ’ ಎಂದು ಬರೆದುಬಿಟ್ಟಿದ್ದೆ. ಕರಡು ನೋಡಿದ ಹಿರಿಯರು ಅದರ ಪಕ್ಕದಲ್ಲಿ ‘ಎಲ್ಲಿಗೆ?’ ಎಂದಷ್ಟೇ ಗೀಚಿ ಹಿಂತಿರುಗಿಸಿದರು. ‘ಎರಡು ನಿಮಿಷ ನೀರು ಬಿಡಿ’ ಎಂದು ತಿದ್ದಿದಾಗ ಓಟವೂ ಹೋಯಿತು, ನಲ್ಲಿಯೂ ಹೋಯಿತು.

ಅಂದಿನಿಂದ ಆ ಪದದ ಮೇಲೆ ಒಂದು ಕಣ್ಣಿಟ್ಟಿದ್ದೇನೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದ ಪದ ‘ಸೆಟ್’. ಅದರ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ಮೂರನೆಯ ಆವೃತ್ತಿಗಾಗಿ ಪರಿಷ್ಕರಣೆ ನಡೆದಾಗ ‘ರನ್’ ಕ್ರಿಯಾಪದವೊಂದೇ 645 ಅರ್ಥಗಳೊಡನೆ ಅದನ್ನು ಹಿಂದಿಕ್ಕಿತು, ಮತ್ತು ಆ ಒಂದು ಪದವನ್ನು ಬಿಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಸುಮಾರು 9 ತಿಂಗಳು ಹಿಡಿಯಿತು. ರೈಲು, ಕಾರ್ಖಾನೆಯ ಯಂತ್ರ, ಕಂಪ್ಯೂಟರಿನ ಪ್ರೋಗ್ರಾಂ ಒಂದೊಂದಾಗಿ ಬಂದಂತೆ ಎಲ್ಲಕ್ಕೂ ಇದೇ ಹಳೆಯ ಪದವನ್ನು ದುಡಿಸಿಕೊಂಡದ್ದೂ ಇದಕ್ಕೊಂದು ಕಾರಣ.

ಈ ಸಂಖ್ಯೆಯನ್ನು ಇಂಗ್ಲಿಷಿನ ಸಿರಿವಂತಿಕೆ ಎಂದು ಕೊಂಡಾಡುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅರ್ಥಗಳ ಎಣಿಕೆ ನಿಘಂಟುಕಾರ ಎಷ್ಟು ಸಣ್ಣಗೆ ಸೀಳುತ್ತಾನೆ ಎಂಬುದನ್ನೂ ಅವಲಂಬಿಸಿರುತ್ತದೆ. ‘ಔಟ್’, ‘ಓವರ್’, ‘ಇನ್‌ಟು’ಗಳು ಬಾಲದಂತೆ ಅಂಟಿಕೊಂಡಾಗ ಹುಟ್ಟುವ ಅರ್ಥಗಳೂ ಅದೇ ಖಾತೆಗೆ ಸೇರುತ್ತವೆ. ಇಂಗ್ಲಿಷಿನಲ್ಲಿ ಓಡುವ ಮೂಗು ಕನ್ನಡದಲ್ಲಿ ಸೋರುತ್ತದೆ, ಹೊಳೆ ಹರಿಯುತ್ತದೆ, ಒಗೆದ ಬಟ್ಟೆ ಬಣ್ಣ ಬಿಡುತ್ತದೆ, ಸಂಸ್ಥೆಯನ್ನು ಯಾರೋ ನಡೆಸುತ್ತಾರೆ. ಅವರು ಒಬ್ಬ ಆಳಿನಿಂದ ಮಾಡಿಸುವ ಕೆಲಸಕ್ಕೆ ನಾವು ನಾಲ್ವರನ್ನು ಇಟ್ಟುಕೊಂಡಿದ್ದೇವೆ, ಅಷ್ಟೆ. (ನಮ್ಮ ‘ಹೊಡೆ’ಯೇನು ಕಡಿಮೆಯೇ? ಗೋಡೆಗೆ ಬಣ್ಣ, ಪರೀಕ್ಷೆಯಲ್ಲಿ ಕಾಪಿ, ಮಧ್ಯಾಹ್ನ ನಿದ್ದೆ, ಕಟ್ಟೆಯ ಮೇಲೆ ಹರಟೆ, ಎಲ್ಲವನ್ನೂ ಹೊಡೆಯುತ್ತೇವೆ.) ಪ್ರೋಗ್ರಾಮಿನ ವಿಷಯದಲ್ಲಿ ಮಾತ್ರ ಸೋಲೊಪ್ಪಿ, ‘ರನ್ ಮಾಡು’ ಎಂದು ಅವರ ಆಳನ್ನೇ ಕರೆಸಿಕೊಂಡೆವು.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಚುನಾವಣೆಯದು. ಅಮೆರಿಕದ ಅಭ್ಯರ್ಥಿ ಅಧಿಕಾರಕ್ಕಾಗಿ ‘ರನ್’ ಮಾಡುತ್ತಾನೆ. ಬ್ರಿಟನ್ನಿನ ಅಭ್ಯರ್ಥಿ ಸಂಸತ್ತಿಗೆ ‘ಸ್ಟ್ಯಾಂಡ್’ ಆಗುತ್ತಾನೆ. ನಮ್ಮವರೂ ಚುನಾವಣೆಗೆ ನಿಲ್ಲುವವರೇ. ಹೀಗಿರುವಾಗ, ಅಮೆರಿಕದ ಸುದ್ದಿಯನ್ನು ಯಂತ್ರಾನುವಾದಕ್ಕೆ ಒಪ್ಪಿಸಿ ಯಾರಾದರೂ ‘ಅವರು ಚುನಾವಣೆಗೆ ಓಡುತ್ತಿದ್ದಾರೆ’ ಎಂದು ಹಂಚಿಕೊಂಡರೆ, ಸೋಲಿನ ಭಯಕ್ಕೆ ಪಂಚೆ ಎತ್ತಿಕಟ್ಟಿ ಓಟ ಕಿತ್ತ ಮನುಷ್ಯನೊಬ್ಬ ನನ್ನ ಕಣ್ಣ ಮುಂದೆ ಬರುತ್ತಾನೆ.