ಮಂಡ್ಯದ ಸೊಳ್ಳೆಗೇ ಜಗ್ಗದವರು ಬಾಲಿಗೆ ಹೊರಟಾಗ

ಅಕ್ಕ ಭಾವ ಬಾಲಿಗೆ ಹೊರಡುವ ಹಿಂದಿನ ದಿನ ನಾನು ಮೈಸೂರಿನ ಅವರ ಮನೆಯಲ್ಲೇ ಇದ್ದೆ. ದಿವಾನದ ಮೇಲೆ ಸೂಟ್‌ಕೇಸ್ ತೆರೆದಿಟ್ಟಿದ್ದರು. ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ, ಗ್ಯಾಸ್ ಮಾತ್ರೆ, ಎರಡು ಛತ್ರಿ. ಟೂರ್‌ನವರು ವಾಟ್ಸಾಪ್‌ನಲ್ಲಿ ಕಳಿಸಿದ್ದ ಪಟ್ಟಿ ನೋಡಿಕೊಂಡು ಅಕ್ಕ ಒಂದೊಂದೇ ತುಂಬುತ್ತಿದ್ದಳು. ಪಾಸ್‌ಪೋರ್ಟ್, ವೀಸಾ, ಡಾಲರ್, ಚಾರ್ಜರ್ ಪಿನ್ ಎಲ್ಲ ಇತ್ತು. ಸೊಳ್ಳೆ ಅನ್ನೋ ಮಾತೇ ಇರಲಿಲ್ಲ, ಲಸಿಕೆಯದೂ ಇಲ್ಲ. ಓಡೊಮಾಸ್ ಇಟ್ಕೊಂಡ್ರಾ ಅಂತ ಕೇಳಿದೆ. ಭಾವ ನಕ್ಕುಬಿಟ್ಟರು. "ವಿ.ಸಿ. ನಾಲೆ ಪಕ್ಕದಲ್ಲಿ ಬೆಳೆದೋನು ಕಣಮ್ಮ ನಾನು. ಮಂಡ್ಯದ ಸೊಳ್ಳೆಗೇ ಜಗ್ಗಿಲ್ಲ, ಬಾಲಿ ಸೊಳ್ಳೆ ಏನ್ ಮಾಡುತ್ತೆ?"

ಈ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಸೊಳ್ಳೆ ನಮಗೆ ರೂಢಿ, ಎಚ್ಚರಿಕೆ ಎಲ್ಲ ಫಾರಿನ್‌ನವರಿಗೆ ಅಂತ. ಡೆಂಗಿ ವಿಷಯದಲ್ಲಿ ಇದು ಪೂರ್ತಿ ಉಲ್ಟಾ.

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದೊಂದರಿಂದ ಮಾತ್ರ ಜೀವನಪೂರ್ತಿ ರಕ್ಷಣೆ. ಉಳಿದ ಮೂರರಿಂದ ಕೆಲವು ತಿಂಗಳು ಅಷ್ಟೇ. ಆಮೇಲೆ ಬೇರೆ ಬಗೆ ಬಂತು ಅಂದರೆ ಹಳೆಯ ಪ್ರತಿಕಾಯಗಳು ವೈರಸ್ಸನ್ನು ತಡೆಯುವ ಬದಲು ನಮ್ಮ ಜೀವಕೋಶದ ಒಳಗೆ ಹೋಗಲು ಅದಕ್ಕೇ ದಾರಿ ಮಾಡಿಕೊಡಬಹುದು. ಅದಕ್ಕೇ ಎರಡನೇ ಸಲದ ಡೆಂಗಿ ಜಾಸ್ತಿ ಅಪಾಯ. ಮೊದಲ ಸಲ ಸೊಳ್ಳೆ ಕಚ್ಚಿಸಿಕೊಳ್ಳುವ ಫಾರಿನ್‌ನವರಿಗಿಂತ, ಒಂದು ಸಲ ಇಲ್ಲೇ ಡೆಂಗಿ ಬಂದು ಹೋದ ಮೈಸೂರಿನವರು ಹೆಚ್ಚು ಹುಷಾರಾಗಿರಬೇಕು. ಭಾವನಿಗೆ 2019ರಲ್ಲಿ ಬಂದಿತ್ತು. ನಾಲ್ಕು ದಿನ ಜ್ವರ, ಹೋಯ್ತು. ಆ ಧೈರ್ಯವೇ ಅವರನ್ನು ಮಲಗಿಸಿತು.

ಬಾಲಿಯಿಂದ ಬಂದ ಐದನೇ ದಿನ ಜ್ವರ. ಹತ್ತಿರದ ಕ್ಲಿನಿಕ್‌ನಲ್ಲಿ ವೈರಲ್ ಅಂದು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಎಲ್ಲಿಗೆ ಹೋಗಿದ್ರಿ ಅಂತ ಅವರು ಕೇಳಲಿಲ್ಲ, ಇವರೂ ಹೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಾಯ್ತು. ಮನೆಯವರಿಗೆಲ್ಲ ಸಮಾಧಾನ. ಮಧ್ಯಾಹ್ನ ಮುದ್ದೆ ಕೇಳಿದರು. ಸಂಜೆಗೆ ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂತರು, ವಾಂತಿ ನಿಲ್ಲಲೇ ಇಲ್ಲ. ಬಾಯಿ ತೊಳೆದು ಉಗುಳಿದ ನೀರು ಕೆಂಪಗಿತ್ತು.

ಜ್ವರ ಇಳಿದಾಗ ಡೆಂಗಿ ಮುಗಿಯಿತು ಅಂತಲ್ಲ. ಕೆಲವರಿಗೆ ಅಪಾಯ ಶುರುವಾಗುವುದೇ ಆಗ. ರಕ್ತನಾಳದಿಂದ ರಕ್ತದ ನೀರಿನಂಶ ಸೋರಿ ಹೊರಗೆ ಹೋಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳುತ್ತದೆ. ಆಸ್ಪತ್ರೆ ಕಾರಿಡಾರ್‌ನಲ್ಲಿ ನಾವೆಲ್ಲ ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಿದ್ದೆವು. ಡಾಕ್ಟರು ಅದರ ಜೊತೆಗೆ ಪಿಸಿವಿ ನೋಡುತ್ತಿದ್ದರು, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ. ಡ್ರಿಪ್ ಏರಿಸುವುದು ಇಳಿಸುವುದು ಅದರ ಮೇಲೇ. ನೆಂಟರು ಪಪ್ಪಾಯಿ ಎಲೆ ರಸ ತಂದರು, ಕಿವಿ ಹಣ್ಣು ತಂದರು. ಪ್ರೀತಿಯಿಂದಲೇ ತಂದರು, ಬೇಜಾರಿಲ್ಲ. ಆದರೆ ಭಾವ ಉಳಿದಿದ್ದು ಆ ಡ್ರಿಪ್‌ನಿಂದ, ಅರ್ಧ ಗಂಟೆಗೊಮ್ಮೆ ಬಂದು ಬಿಪಿ ನೋಡಿದ ನರ್ಸ್‌ಗಳಿಂದ.

ಡೆಂಗಿ ಅನುಮಾನ ಇದ್ದರೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಬೇಡವೇ ಬೇಡ. ರಕ್ತಸ್ರಾವ ಜಾಸ್ತಿಯಾಗುತ್ತದೆ.

ಇನ್ನೊಂದು ವಿಷಯ ಮಂಡ್ಯದವರಿಗೆ ಗೊತ್ತಿರಲೇಬೇಕು. ಬಾಲಿಗೆ ಹೋದವರೆಲ್ಲ ಮೆಟ್ಟಿಲು ಮೆಟ್ಟಿಲಾದ ಭತ್ತದ ಗದ್ದೆ ನೋಡಿ ಬರುತ್ತಾರೆ. ನೀರು ನಿಂತ ಗದ್ದೆ, ಬೆಳ್ಳಕ್ಕಿ, ಊರ ತುಂಬ ಹಂದಿ ಸಾಕಣೆ. ಮೆದುಳು ಜ್ವರಕ್ಕೆ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್‌ಗೆ, ಬೇಕಾದದ್ದೆಲ್ಲ ಅಲ್ಲೇ ಇದೆ. ವೈರಸ್ ಹಕ್ಕಿಯಲ್ಲಿ, ಹಂದಿಯಲ್ಲಿ ಬೆಳೆಯುತ್ತದೆ. ಗದ್ದೆ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಸಂಜೆ ಮೇಲೆ ಅದನ್ನು ಮನುಷ್ಯರಿಗೆ ತರುತ್ತದೆ. ನಮ್ಮ ಮಂಡ್ಯ, ಕೋಲಾರ ಕೂಡ ಈ ಕಾಯಿಲೆಯನ್ನು ದಶಕಗಳ ಹಿಂದೆಯೇ ಕಂಡ ಜಿಲ್ಲೆಗಳು. ದೇಶದಲ್ಲೇ ತಯಾರಾಗಿ 2013ರಲ್ಲಿ ಬಂದ ಜೆನ್ವ್ಯಾಕ್ ಲಸಿಕೆಗೆ ಬಳಸಿದ ವೈರಸ್ ತಳಿ ಸಿಕ್ಕಿದ್ದೇ ಕೋಲಾರದಲ್ಲಿ. ಸೋಂಕು ತಗುಲಿದ ಬಹುಪಾಲು ಜನಕ್ಕೆ ಏನೂ ಆಗಲ್ಲ, ನಿಜ. ಆದರೆ ಮೆದುಳಿಗೆ ಹೋದರೆ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರು ಉಳಿಯಲ್ಲ, ಉಳಿದವರಲ್ಲಿ ಎಷ್ಟೋ ಜನಕ್ಕೆ ಕೈಕಾಲು, ಮಾತು ಮೊದಲಿನ ಹಾಗೆ ಬರಲ್ಲ. ನಮ್ಮಲ್ಲಿ ಮಕ್ಕಳಿಗೆ ಲಸಿಕೆ ಕೊಡುತ್ತಾರೆ. ನಲವತ್ತು ಐವತ್ತು ದಾಟಿದ ನಾವು ಅದು ಶುರುವಾದಾಗ ಮಕ್ಕಳಾಗಿರಲಿಲ್ಲ ಅಲ್ವಾ? ನಾಲ್ಕು ದಿನ ಕಡಲತೀರದ ಹೋಟೆಲ್‌ನಲ್ಲಿದ್ದು ಬರುವವರಿಗೆ ಈ ಲಸಿಕೆ ಬೇಕಾಗದೇ ಇರಬಹುದು. ಹಳ್ಳಿ ಕಡೆ ತಿಂಗಳುಗಟ್ಟಲೆ ಉಳಿಯುವವರು ಡಾಕ್ಟರ ಹತ್ತಿರ ಕೇಳಲೇಬೇಕು. ಹೊರಡುವ ಹಿಂದಿನ ದಿನ ಕೇಳಿದರೆ ಉಪಯೋಗವಿಲ್ಲ. ನಾಲ್ಕರಿಂದ ಆರು ವಾರ ಮೊದಲೇ ಹೋಗಿ. ಟೈಫಾಯ್ಡ್, ಹೆಪಟೈಟಿಸ್ ಎ ಬಗ್ಗೆಯೂ ಆಗಲೇ ಕೇಳಿ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ, ಕೋತಿಗೆ ಬಾಳೆಹಣ್ಣು ಕೊಡುತ್ತಾ ಫೋಟೊ ತೆಗೆಸಿಕೊಳ್ಳಬೇಡಿ.

ಡೆಂಗಿಗೆ ನಮ್ಮ ದೇಶದಲ್ಲೇ ತಯಾರಾದ ಲಸಿಕೆಯ ಮೂರನೇ ಹಂತದ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಅದು ನಮ್ಮ ಕೈಗೆ ಸಿಗುವವರೆಗೆ ಮೈ ಮುಚ್ಚುವ ಬಟ್ಟೆ ಮತ್ತು ಹಚ್ಚಿಕೊಳ್ಳುವ ಮುಲಾಮೇ ಗತಿ. ಡೆಂಗಿ, ಚಿಕೂನ್‌ಗುನ್ಯಾ ತರುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ರಾತ್ರಿ ಕಾಯಿಲ್ ಹಚ್ಚಿ ಮಲಗಿದರೆ ಸಾಲದು. ಬೆಳಿಗ್ಗೆ ಸನ್‌ಸ್ಕ್ರೀನ್ ಮೊದಲು ಹಚ್ಚಿ, ಅದರ ಮೇಲೆ ಸೊಳ್ಳೆ ಮುಲಾಮು. ಬೆವರು ಹರಿದರೆ ಮತ್ತೆ ಹಚ್ಚಿ.

ವಾಪಸ್ ಬಂದ ಎರಡು ವಾರದಲ್ಲಿ ಜ್ವರ ಬಂದರೆ, ಡಾಕ್ಟರು ಕೇಳಲಿ ಬಿಡಲಿ, ಎಲ್ಲಿಗೆ ಹೋಗಿದ್ದಿರಿ ಅಂತ ನೀವೇ ಹೇಳಿ. ಹಿಂದೆ ಡೆಂಗಿ ಬಂದಿದ್ದರೆ ಅದನ್ನೂ ಹೇಳಿ. ಜ್ವರ ಇರುವಷ್ಟು ದಿನ ಹಗಲಲ್ಲೂ ಸೊಳ್ಳೆ ಪರದೆ ಒಳಗೇ ಮಲಗಿ. ನಿಮ್ಮನ್ನು ಕಚ್ಚಿದ ಸೊಳ್ಳೆ ಪಕ್ಕದ ಮನೆಯ ಮಗುವನ್ನೂ ಕಚ್ಚುತ್ತದೆ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆದದ್ದು ನಮ್ಮೂರಿನವರಿಗೆ ನೆನಪಿದೆಯಲ್ಲ.

ಭಾವ ಮನೆಗೆ ಬಂದು ತಿಂಗಳಾಯ್ತು. ಈಗಲೂ ಮೆಟ್ಟಿಲು ಹತ್ತಿದರೆ ಸುಸ್ತು ಅಂತಾರೆ. ಪಾಸ್‌ಪೋರ್ಟ್ ಕವರ್ ಒಳಗೆ ಒಂದು ಚೀಟಿ ಇಟ್ಟಿದ್ದಾರೆ. ಮೇಲೆ ರಕ್ತದ ಗುಂಪು, ಕೆಳಗೆ "ಡೆಂಗಿ, ಎರಡು ಸಲ" ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ.