ನೀನು ಅಪ್ಪ ಕಣೋ, ಏಳ್ಬಾರ್ದು

ಸಂಜೆಯಿಂದ ಮನಸ್ಸು ಕುದಿಯುತ್ತಿದೆ. ಬರೆದೇ ಬಿಡುತ್ತೇನೆ.

ನೆಂಟರ ಮನೆಗೆ ಹೋಗಿದ್ದೆ. ಐದು ವರ್ಷದ ಹುಡುಗಿ ತಮ್ಮನ ಜೊತೆ ಅಪ್ಪ-ಅಮ್ಮ ಆಟ ಆಡುತ್ತಿದ್ದಳು. ಗೊಂಬೆಗೆ ತಾನೂ ಸ್ನಾನ ಮಾಡಿಸುತ್ತೇನೆ ಅಂತ ಅವನು ಎದ್ದ. ಭುಜ ಹಿಡಿದು ಕೂರಿಸಿದಳು. ಕೈಗೊಂದು ಖಾಲಿ ಡಬ್ಬಿ ಕೊಟ್ಟು, "ಇದು ನಿನ್ನ ಫೋನು. ನೀನು ಅಪ್ಪ ಕಣೋ, ಏಳ್ಬಾರ್ದು" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಡಬ್ಬಿ ಹಿಡಿದುಕೊಂಡು ಗೊಂಬೆಯನ್ನೇ ನೋಡುತ್ತಾ ಕೂತ ಆ ಮಗುವಿನ ಮುಖ ಇನ್ನೂ ಕಣ್ಣ ಮುಂದಿದೆ.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಮನೆಯವರೆಲ್ಲ ಹೆಣ್ಣು-ಗಂಡು ಒಂದೇ ಅನ್ನುವವರೇ. ಆದರೆ ಮಕ್ಕಳು ನಮ್ಮ ಮಾತಿಗಿಂತ ಜಾಸ್ತಿ ಗಮನಿಸುವುದು ಯಾರು ಏಳುತ್ತಾರೆ, ಯಾರು ಕೂತೇ ಇರುತ್ತಾರೆ ಅನ್ನೋದನ್ನು. ಬಾಗಿಲು ಬಡಿದರೆ ಯಾರು? ರಾತ್ರಿ ಮಗು ಅತ್ತರೆ ಯಾರು?

"ಅದೆಲ್ಲ ಹುಟ್ಟುಗುಣ" ಅಂದರು ಹಿರಿಯರೊಬ್ಬರು. ಫೋನು ಹಿಡಿದು ಕೂರೋದು ಯಾವ ಹುಟ್ಟುಗುಣ? 1976ರಲ್ಲಿ ಜಾನ್ ಕಾಂಡ್ರಿ ಮತ್ತು ಸಾಂಡ್ರಾ ಕಾಂಡ್ರಿ ಅನ್ನುವ ಸಂಶೋಧಕರು ಒಂಬತ್ತು ತಿಂಗಳ ಕೂಸಿನ ವಿಡಿಯೊವನ್ನು ಜನರಿಗೆ ತೋರಿಸಿದರು. ಕೆಲವರಿಗೆ ಅದು ಗಂಡು ಅಂದರು, ಕೆಲವರಿಗೆ ಹೆಣ್ಣು. ಕೂಸು ಒಂದೇ, ಅಳುವೂ ಒಂದೇ. ಗಂಡು ಅಂದುಕೊಂಡವರಿಗೆ ಅದರಲ್ಲಿ ಕೋಪ ಕಂಡಿತು, ಹೆಣ್ಣು ಅಂದುಕೊಂಡವರಿಗೆ ಭಯ. ಮಾತೇ ಬಾರದ ಮಗುವಿಗೂ ಗುಣ ಅಂಟಿಸುವವರು ನಾವೇ.

ನಾನೂ ಮಾಡಿದ್ದೇನೆ, ಮುಚ್ಚಿಡುವುದಿಲ್ಲ. ನನ್ನ ಮಗ ಒಂದು ದಿನ ತಾನಾಗಿಯೇ ಬಟ್ಟೆ ಮಡಚಿದ. "ಅಮ್ಮನಿಗೆ ಎಷ್ಟು ಸಹಾಯ ಮಾಡ್ತಾನೆ ನನ್ನ ಬಂಗಾರ" ಅಂತ ಕಂಡಕಂಡವರಿಗೆಲ್ಲ ಹೇಳಿದೆ. ಮಗಳು ಪಕ್ಕದಲ್ಲೇ ಅವನ ಸಾಕ್ಸಿಗೆ ಜೊತೆ ಹುಡುಕುತ್ತಿದ್ದಳು. ದಿನಾ ಹುಡುಕುವುದು ಅವಳೇ. ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ಬಗ್ಗಿದಳು. ಆ ನೋಟ ಇವತ್ತಿಗೂ ಚುಚ್ಚುತ್ತದೆ. 'ಸಹಾಯ' ಅಂದರೆ ಕೆಲಸ ನನ್ನದು, ಅವನು ದೊಡ್ಡ ಮನಸ್ಸು ಮಾಡಿ ಕೈ ಹಾಕಿದ ಅಂತಲೇ ಅಲ್ವಾ? ಆ ಪದವನ್ನೇ ಬಿಟ್ಟೆ.

2014ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು 7ರಿಂದ 13 ವರ್ಷದ ಮಕ್ಕಳನ್ನು ನೋಡಿತ್ತು. ಅಪ್ಪ ಮನೆಕೆಲಸ ಹಂಚಿಕೊಳ್ಳುವ ಮನೆಗಳಲ್ಲಿ, 'ಹೆಂಗಸರ ಕೆಲಸ' ಅನ್ನಿಸಿಕೊಂಡದ್ದರ ಆಚೆಗೂ ಹೆಣ್ಣುಮಕ್ಕಳು ಕನಸು ಕಾಣುತ್ತಿದ್ದರು. ಅಪ್ಪ ಬಾಯಲ್ಲಿ ಏನು ಹೇಳುತ್ತಾನೆ ಅನ್ನೋದನ್ನು ಬದಿಗಿಟ್ಟು ನೋಡಿದರೂ ಇದೇ ಕಂಡಿತು.

ಹೊರಡುವಾಗ ಹುಡುಗನ ಕೈಯಿಂದ ಡಬ್ಬಿ ತಗೊಂಡು ಗೊಂಬೆ ಕೊಟ್ಟೆ. "ಅಪ್ಪ ಸ್ನಾನ ಮಾಡ್ಸಲ್ಲ ಆಂಟಿ!" ಅಂತ ಅಕ್ಕ ಕೂಗಿದಳು. ಸೋಫಾದಲ್ಲಿದ್ದ ಅವರಪ್ಪ ಫೋನಿನಿಂದ ತಲೆ ಎತ್ತಿದರು. ಏನೂ ಹೇಳಲಿಲ್ಲ.